ಆರು ಗುಂಡಿಯ ಕಾಗದ

ನಮ್ಮ ಬೀದಿಯ ಗಡಿಯಾರದಣ್ಣನಿಗೆ ಗೊತ್ತಿಲ್ಲದ್ದು ಈ ಲೋಕದಲ್ಲಿ ಏನೂ ಇರಲಿಲ್ಲ. ಇದು ನನ್ನ ಮಾತಲ್ಲ, ಅವರದೇ. ಯಾರಾದರೂ ಕಂಪ್ಯೂಟರ್ ವಿಷಯ ಎತ್ತಿದರೆ, "ಅದರೊಳಗೂ ಒಂದು ಗಡಿಯಾರ ಇರುತ್ತೆ ಕಣಮ್ಮ, ಅದು ಸರಿಯಿದ್ದರೆ ಎಲ್ಲ ಸರಿ" ಅನ್ನುತ್ತಿದ್ದರು. ಹೊಸ ಮೊಬೈಲ್ ತೋರಿಸಿದರೆ ಕೈಗೆ ತೆಗೆದುಕೊಂಡು, ಬೆನ್ನು ತಿರುಗಿಸಿ ನೋಡಿ, ಅಂಗೈಯಲ್ಲಿ ತೂಗಿ, "ಇದೇನು ಮಹಾ" ಎಂದು ವಾಪಸು ಕೊಡುತ್ತಿದ್ದರು. ಅದನ್ನು ಆನ್ ಮಾಡಿದ್ದನ್ನು ಮಾತ್ರ ಯಾರೂ ಕಂಡವರಿಲ್ಲ.

ನಾನು ಎದುರುಮನೆಯ ಟೈಲರ್. ಇಪ್ಪತ್ತೆರಡು ವರ್ಷದಿಂದ ನನ್ನ ಹೊಲಿಗೆ ಮೆಷಿನ್ನು ಕಿಟಕಿಯ ಈಚೆ, ಅವರ ಅಂಗಡಿ ಕಿಟಕಿಯ ಆಚೆ. ಹಾಗಾಗಿ ಅವರ ಬದುಕಿನ ಬಗ್ಗೆ ಅವರಿಗಿಂತ ನನಗೇ ಒಂದು ಚೂರು ಹೆಚ್ಚು ಗೊತ್ತು. ಕೆಟ್ಟ ಕುತೂಹಲ ಅಂತ ತಿಳಿಯಬೇಡಿ. ಹೊಲಿಯುವವಳು ಆಗಾಗ ತಲೆ ಎತ್ತದಿದ್ದರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ತಲೆ ಎತ್ತಿದರೆ ಎದುರಿಗೆ ಕಾಣುವುದು ಅವರು. ನಾನೇನು ಮಾಡಲಿ?

ಬೀದಿಯಲ್ಲಿ ಅವರಿಗೆ ಇನ್ನೊಂದು ಹೆಸರಿತ್ತು: ಮುಂದಿನವಾರ. ಬ್ಯಾಟರಿ ಹಾಕುವುದು, ಪಟ್ಟಿ ಬದಲಾಯಿಸುವುದು ಇವೆರಡನ್ನು ನಿಂತ ಕಾಲಲ್ಲೇ ಮಾಡಿಕೊಡುತ್ತಿದ್ದರು. ಒಳಗಿನ ಕೆಲಸ ಅಂದರೆ ಮಾತ್ರ, ವಾಚನ್ನು ಕಿವಿಗೆ ಹಿಡಿದು, ಡಾಕ್ಟರು ಎದೆಬಡಿತ ಕೇಳುವ ಹಾಗೆ ಕಣ್ಣು ಮುಚ್ಚಿ, "ಸಣ್ಣ ಕೆಲಸ ಇದೆ, ಮುಂದಿನ ವಾರ ಬನ್ನಿ" ಅನ್ನುತ್ತಿದ್ದರು. ಆಮೇಲೆ ಆ ವಾಚು ಬಿಸ್ಕತ್ತಿನ ಡಬ್ಬದೊಳಗೆ ಹೋಗುತ್ತಿತ್ತು. ಡಬ್ಬ ಮೂರಾಗಿತ್ತು. ನಮ್ಮ ಠಾಣೆಯ ಹೆಡ್ ಕಾನ್‌ಸ್ಟೇಬಲ್‌ನ ಕೈಗಡಿಯಾರ ಎರಡು ವರ್ಷದಿಂದ ಎರಡನೇ ಡಬ್ಬದಲ್ಲಿತ್ತು. ಅವರು ಈಗಲೂ ಅಭ್ಯಾಸಬಲದಿಂದ ಬರಿ ಮಣಿಕಟ್ಟು ನೋಡಿ ಹೊತ್ತು ಹೇಳುತ್ತಿದ್ದರು. ವಿಚಿತ್ರ ಅಂದರೆ ಸರಿಯಾಗಿಯೇ ಹೇಳುತ್ತಿದ್ದರು.

ಆದರೆ ಎಲ್ಲರಿಗಿಂತ ಹಳೆಯ ಗಿರಾಕಿ ಅವರ ಸ್ವಂತ ಅಕ್ಕ. ತಾಯಿಯ ಕಾಲದ ಗೋಡೆ ಗಡಿಯಾರವೊಂದನ್ನು ಹನ್ನೊಂದು ವರ್ಷದ ಹಿಂದೆ ಆಕೆ ತಮ್ಮನ ಕೈಗೆ ಕೊಟ್ಟಿದ್ದರು. ತಮ್ಮ ಮುಂದಿನ ವಾರ ಅಂದರು. ಐವತ್ತೆರಡು ಮುಂದಿನ ವಾರಗಳಾದ ಮೇಲೆ ಅಕ್ಕ ಫೋನಿನಲ್ಲಿ, "ಗಡಿಯಾರ ಸರಿಯಾದ ದಿನ ಮಾತಾಡು, ಅಲ್ಲಿ ತನಕ ಬೇಡ" ಎಂದು ಇಟ್ಟುಬಿಟ್ಟರು. ಸಿಟ್ಟಿನಲ್ಲಿ ಆಡಿದ ಮಾತು. ಸಿಟ್ಟಿನ ಮಾತನ್ನು ಕಾನೂನಿನ ಹಾಗೆ ಪಾಲಿಸುವವರೂ ಇರುತ್ತಾರೆ ನೋಡಿ, ನಮ್ಮ ಗಡಿಯಾರದಣ್ಣ ಅಂಥವರು. ಮಾತು ನಿಂತೇ ಹೋಯಿತು. ತಾಯಿ ಹೋದ ಮೇಲೆ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ ಅಕ್ಕ ಅದು.

ಇಷ್ಟೆಲ್ಲ ನನಗೆ ಹೇಳಿದವರು ಅವರ ಹೆಂಡತಿ, ನಾನು ಅತ್ತಿಗೆ ಅಂತ ಕರೆಯುವವರು. ಅವತ್ತು ಬೆಳಿಗ್ಗೆ ಕೈಯಲ್ಲೊಂದು ಮಡಿಸಿದ ಪರದೆ ಹಿಡಿದು ಬಂದರು.

"ನಮ್ಮ ಅಂಗಡಿ ಕಿಟಕಿದು ಕಣೆ. ಅಂಚು ಬಿಟ್ಟಿದೆ, ಹೊಲಿದುಕೊಡ್ತೀಯಾ?"

"ಸಂಜೆಗೆ ಕೊಡ್ತೀನಿ ಅತ್ತಿಗೆ."

"ಅವಸರ ಏನಿಲ್ಲ," ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು ಮತ್ತೆ, "ಅವಸರ ಏನೇನೂ ಇಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದರು. ಅಕ್ಕ ಮನೆ ಖಾಲಿ ಮಾಡುತ್ತಿದ್ದಾರೆ. ಈ ತಿಂಗಳ ಕೊನೆಯ ಶನಿವಾರ ಮಗಳ ಊರಿಗೆ ಹೊರಡುತ್ತಾರೆ, ಎರಡು ಹಗಲು ಎರಡು ರಾತ್ರಿಯ ದಾರಿ. ಹೋದರೆ ಹೋದ ಹಾಗೆ. ಈಗಾದರೆ ಬಸ್ಸಿನಲ್ಲಿ ಐದು ಗಂಟೆ.

"ಅಣ್ಣನಿಗೆ ಗೊತ್ತಾ?"

"ಗೊತ್ತು. ಕೇಳಿದಾಗಿನಿಂದ ಅಟ್ಟಕ್ಕೆ ಹತ್ತೋದು ಇಳಿಯೋದು. ಗಡಿಯಾರ ಅಲ್ಲೇ ಇದೆ. ಕೆಳಗೆ ತರಲ್ಲ, ಬರೀ ನೋಡಿಬರ್ತಾರೆ."

ಅದಾದ ಎರಡನೇ ದಿನಕ್ಕೆ ಆ ಮನೆಗೆ ಹೊಸ ದೊಡ್ಡ ಟಿವಿಯೂ ಅದಕ್ಕೆ ಸಿಕ್ಕಿಸುವ ಒಂದು ಇಂಟರ್‌ನೆಟ್ ಪೆಟ್ಟಿಗೆಯೂ ಬಂದವು. ಪೆಟ್ಟಿಗೆ ಸೋಪಿನಷ್ಟಿತ್ತು. ಅದರ ರಿಮೋಟಿನಲ್ಲಿ ಆರೇ ಗುಂಡಿ: ಮೇಲೆ, ಕೆಳಗೆ, ಎಡ, ಬಲ, ಸರಿ, ಹಿಂದಕ್ಕೆ. ಒಂದು ಅಂಗಿಗೆ ಹಾಕುವಷ್ಟು. ಅಂಗಡಿಯವನು ಮಾರುವಾಗ, "ಇದಕ್ಕೆ ಏನೂ ಗೊತ್ತಿರಬೇಕಾಗಿಲ್ಲ ಸಾರ್, ನಮ್ಮ ಅಜ್ಜಿಯೇ ನಡೆಸ್ತಾರೆ" ಎಂದನಂತೆ. ಗಡಿಯಾರದಣ್ಣನಿಗೆ ಮುಖ ಕೆಂಪಾಯಿತಂತೆ. "ನನಗೆ ಎಲ್ಲ ಗೊತ್ತಪ್ಪ. ಇದು ನನ್ನ ಹೆಂಡತಿಗೆ" ಎಂದರಂತೆ. ಮಾತಾಡಿದರೆ ತಾನೇ ಬರೆದುಕೊಳ್ಳುವ ರಿಮೋಟೂ ಇದೆ ಎಂದಾಗ, "ನನ್ನ ಮಾತು ಮನೆಯಲ್ಲೇ ಯಾರೂ ಕೇಳಲ್ಲ, ಪೆಟ್ಟಿಗೆ ಯಾಕೆ ಕೇಳಬೇಕು" ಎಂದು ಬಿಟ್ಟುಬಂದರಂತೆ.

ಇನ್ನು ಟಿವಿ ಇಟ್ಟ ಜಾಗ. ಅವರ ಮನೆಯ ಮುಂದಿನ ಕೋಣೆಯೇ ಅಂಗಡಿ, ಅದೇ ಕೂತು ಊಟ ಮಾಡುವ ಜಾಗ. ಬೀದಿಗೆ ಉದ್ದಕ್ಕೂ ಗಾಜಿನ ಕಿಟಕಿ. ನಲವತ್ತು ವರ್ಷ ಅವರು ಯಾವ ವಸ್ತು ತಂದರೂ ಒಳಗಿನ ಗೋಡೆಗೆ, ಬೀದಿಗೆ ಮುಖ ಮಾಡಿ ತೂಗುಹಾಕಿದವರು. ಗಡಿಯಾರದ ಮುಖ ಗಿರಾಕಿಗೆ ಕಾಣಬೇಕಲ್ಲ. ಟಿವಿಯನ್ನೂ ಕೈ ತಾನಾಗಿ ಅಲ್ಲಿಗೇ ಒಯ್ದಿತು. ಅದರ ಎದುರಿಗೆ ಕುರ್ಚಿ ಹಾಕಿಕೊಂಡು, ಕಿಟಕಿಗೆ ಬೆನ್ನು ಮಾಡಿ ಕೂತರು. ತಮ್ಮ ಕಣ್ಣಿಗೆ ಬೀದಿ ಕಾಣುವುದಿಲ್ಲ ಅಂದ ಮೇಲೆ ಬೀದಿಗೆ ತಾವು ಕಾಣುವುದಿಲ್ಲ ಎಂದು ಅವರ ಲೆಕ್ಕ. ಪರದೆ ನನ್ನ ಹತ್ತಿರ ಇತ್ತು.

ಮೊದಲ ದಿನ ಮಧ್ಯಾಹ್ನ ನಾಲ್ಕಕ್ಕೆ ನಾನು ಕಾಲರಿಗೆ ಸೂಜಿ ಹಾಕಿ ತಲೆ ಎತ್ತಿದೆ. ಟಿವಿಯ ಮೇಲೆ ಒಂದು ಅಕ್ಷರದ ಹಲಗೆ: ಮೇಲೆ ಎಡಕ್ಕೆ ಅ, ಕೆಳಗೆ ಬಲಕ್ಕೆ ಳ. ಹಲಗೆಯ ಮೇಲುಗಡೆ ಒಂದು ಹೆಂಗಸಿನ ಮುಖ, ಅವರ ಅಕ್ಕನದು. ಆಕೆಯ ಮನೆಯಲ್ಲೂ ಇದೇ ಪೆಟ್ಟಿಗೆ ಇದೆಯಂತೆ. ಮುಖದ ಮೇಲೆ ಸರಿ ಅಂತ ಒತ್ತಿದರೆ ಕಾಗದ ಬರೆಯಬಹುದು. ಅತ್ತಿಗೆ ಅಷ್ಟನ್ನು ಮಾಡಿಟ್ಟು ಅಡುಗೆಮನೆಗೆ ಹೋಗಿದ್ದರು. ಹಲಗೆಯ ಮೇಲೆ ಒಂದು ಹಳದಿ ಚೌಕ ಒಂದೊಂದೇ ಮನೆ ದಾಟುತ್ತ ಹೋಗುತ್ತಿತ್ತು. ನಾನು ಕಾಲರ್ ಮುಗಿಸಿದೆ. "ಪೂ" ಬಂದಿತ್ತು. ತೋಳು ಕೂಡಿಸಿದೆ. "ಪೂಜ" ಆಯಿತು. ಗುಂಡಿಮನೆ ಆರೂ ಮುಗಿಸುವ ಹೊತ್ತಿಗೆ "ಪೂಜ್ಯ."

ಅಷ್ಟಕ್ಕೆ ಅವರು ಬೆವರು ಒರೆಸಿಕೊಂಡು ಟಿವಿ ಆರಿಸಿದರು.

ಎರಡನೇ ದಿನ ನನ್ನ ಬಾಗಿಲಿಗೆ ನಿವೃತ್ತ ಪೋಸ್ಟ್‌ಮ್ಯಾನ್ ಬಂದು ನಿಂತರು. ನಿಂತದ್ದು ನನ್ನ ಬಾಗಿಲಲ್ಲಿ, ನೋಡುತ್ತಿದ್ದದ್ದು ಎದುರಿನ ಕಿಟಕಿ.

"ಮೂವತ್ತೆಂಟು ವರ್ಷ ಕಾಗದ ಹಂಚಿದೀನಮ್ಮ. ಒಬ್ಬರದು ಒಂದು ಸಾಲು ಓದಿಲ್ಲ."

"ಮತ್ತೆ ಇದು?"

"ಇದು ಕಾಗದ ಅಲ್ಲ, ಟಿವಿ. ಟಿವಿ ನೋಡೋದು ತಪ್ಪಾ?" ಎಂದು ಒಂದು ಸ್ಟೂಲು ಎಳೆದುಕೊಂಡು ಕೂತರು. ಸ್ವಲ್ಪ ಹೊತ್ತಿಗೆ, "ಅಯ್ಯೋ ಪುಣ್ಯಾತ್ಮ, ಅಳಿಸ್ತಾ ಇದಾನೆ!" ಎಂದು ತಲೆ ಹಿಡಿದುಕೊಂಡರು. ಹೌದು, ಪೂಜ್ಯ ಹೋಗಿತ್ತು. ಒಂದು ಸಂಜೆಯ ಸಂಪಾದನೆ ಒಂದು ನಿಮಿಷದಲ್ಲಿ ಖರ್ಚು. ಅದರ ಜಾಗದಲ್ಲಿ ಆರು ಗಂಟೆಯ ಒಳಗೆ "ಅಕ್ಕ" ಬಂತು. ಅ ಹತ್ತಿರ, ಕ ಹತ್ತಿರ. ಅಕ್ಕನನ್ನು ಕರೆಯುವುದು ಸುಲಭ. ಮುಂದಿನದೇ ಕಷ್ಟ.

ಮೂರನೇ ದಿನ ಬೇಕರಿಯವನು ಸೇರಿಕೊಂಡ. ಅವನ ಒಲೆ ಬೆಳಿಗ್ಗೆಯದು, ಮಧ್ಯಾಹ್ನ ಬಿಡುವು. ನಾಲ್ಕನೇ ದಿನ ಹೆಡ್ ಕಾನ್‌ಸ್ಟೇಬಲ್ "ಬೀಟ್ ಮೇಲೆ ಬಂದೆ" ಎಂದು ಬಂದು ಒಂದೂವರೆ ಗಂಟೆ ಒಂದೇ ಜಾಗದಲ್ಲಿ ಬೀಟ್ ಮಾಡಿದರು. ಯಾರೂ ಗಾಜಿನ ಹತ್ತಿರ ಹೋಗುತ್ತಿರಲಿಲ್ಲ, ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಯಾರೂ ಹೇಳಿಕೊಡದೆ ಬೀದಿಯಲ್ಲಿ ಒಂದು ಶಿಸ್ತು ಹುಟ್ಟಿಕೊಂಡಿತ್ತು.

"ನಾನು ಚೆನ್ನಾಗಿದ್ದೇನೆ" ಎಂದು ಬಂತು.

"ಸುಳ್ಳು," ಎಂದ ಬೇಕರಿಯವನು. "ನಿನ್ನೆ ಪೂರ್ತಿ ಕೆಮ್ಮುತಿದ್ರು."

"ಕಾಗದದಲ್ಲಿ ಎಲ್ಲರೂ ಚೆನ್ನಾಗೇ ಇರ್ತಾರೆ ಕಣಯ್ಯ," ಎಂದರು ಪೋಸ್ಟ್‌ಮ್ಯಾನ್. "ಮೂವತ್ತೆಂಟು ವರ್ಷ ನೋಡಿದೀನಿ."

"ಓದಿಲ್ಲ ಅಂದ್ರಿ?"

"ಓದಿಲ್ಲ. ಓದುವವರ ಮುಖ ನೋಡಿದೀನಿ."

ಆರನೇ ದಿನ "ನಿನ್ನ ಗಡಿಯಾರ" ಎಂದು ಬಂತು. ಅಲ್ಲಿಗೆ ನಿಂತಿತು. ಏಳನೇ ದಿನವೂ "ನಿನ್ನ ಗಡಿಯಾರ." ಎಂಟನೇ ದಿನವೂ ಅದೇ. ರಿಮೋಟ್ ಹಿಡಿದ ಕೈ ಮಂಡಿಯ ಮೇಲೆ ಸುಮ್ಮನೆ ಕೂತಿರುತ್ತಿತ್ತು. ಪೋಸ್ಟ್‌ಮ್ಯಾನ್ ನನ್ನ ಸೀಮೆಸುಣ್ಣ ತೆಗೆದುಕೊಂಡು ಕತ್ತರಿಸುವ ಮೇಜಿನ ಮೇಲೆ ಲೆಕ್ಕ ಹಾಕಿದರು. "ದಿನಕ್ಕೆ ಎಂಟು ಅಕ್ಷರ. ಇದೇ ಓಟದಲ್ಲಿ ಹೋದರೆ ಅಕ್ಕ ಮಗಳ ಮನೆ ಸೇರಿ, ಅಲ್ಲಿ ಅಕ್ಕಪಕ್ಕದವರ ಪರಿಚಯ ಆದ ಮೇಲೆ ಕಾಗದ ಮುಗಿಯುತ್ತೆ."

ನೀವು ಕೇಳಬಹುದು, ಫೋನ್ ಮಾಡಬಾರದಿತ್ತೇ, ಪೆನ್ನಿನಲ್ಲಿ ಬರೆಯಬಾರದಿತ್ತೇ ಎಂದು. ನಾನೂ ಅತ್ತಿಗೆಯನ್ನು ಕೇಳಿದೆ. ಫೋನ್ ಮಾಡಕೂಡದು ಎಂದು ಅಕ್ಕನ ಕಾನೂನು ಇದೆಯಲ್ಲ. ಪೆನ್ನಿನ ವಿಷಯ ಎತ್ತಿದ್ದಕ್ಕೆ ಅತ್ತಿಗೆ ಮೂಲೆಯಲ್ಲಿದ್ದ ನನ್ನ ದಾರದ ಡಬ್ಬ ಸರಿಮಾಡಿ ಹೋದರು. ಅದರ ಉತ್ತರ ನಮಗೆಲ್ಲ ಒಟ್ಟಿಗೇ ಸಿಗುವುದಿತ್ತು.

ಒಂಬತ್ತನೇ ದಿನ ಅವರು ಗಡಿಯಾರವನ್ನು ಅಳಿಸಿದರು. ಏನೋ ನಿರ್ಧಾರಕ್ಕೆ ಬಂದವರ ಹಾಗೆ ಸರಸರ ಒತ್ತತೊಡಗಿದರು, ಅಂದರೆ ಒಂದು ತೋಳಿಗೆ ಎರಡಕ್ಷರದ ವೇಗದಲ್ಲಿ. ಹತ್ತನೇ ದಿನವೂ ಅದೇ ಓಟ. ನನಗೆ ಆವತ್ತು ಗಿರಾಕಿಗಳು ಜಾಸ್ತಿ, ಅಳತೆ ತೆಗೆಯುತ್ತಿದ್ದೆ. ಪೋಸ್ಟ್‌ಮ್ಯಾನ್ ಪಿಂಚಣಿ ತರಲು ಹೋಗಿದ್ದರು. ಐದು ಗಂಟೆಗೆ ಬೇಕರಿಯವನೊಬ್ಬನೇ ಬೀದಿಯಲ್ಲಿ ಹೋಗುತ್ತ ಕಿಟಕಿಯೊಳಗೆ ಇಣುಕಿದ. ಕುರ್ಚಿ ಖಾಲಿ. ಟಿವಿಯ ಮೇಲೆ, ಒಂದೊಂದು ಅಕ್ಷರ ಮುಷ್ಟಿಯಷ್ಟು ದಪ್ಪ:

"ಅಕ್ಕ, ನಾನು ಚೆನ್ನಾಗಿದ್ದೇನೆ. ಇನ್ನು ನನ್ನಿಂದ ಆಗುವುದಿಲ್ಲ"

ಗಡಿಯಾರದಣ್ಣ ಹಿತ್ತಲಿಗೆ ಕೈಕಾಲು ತೊಳೆಯಲು ಹೋಗಿದ್ದರು, ಅಷ್ಟೇ. ಆದರೆ ಬೇಕರಿಯವನಿಗೆ ಒಲೆಯ ಮುಂದೆ ನಿಂತೂ ನಿಂತೂ ತಲೆ ಬೇಗ ಬಿಸಿಯಾಗುವ ಅಭ್ಯಾಸ. ಬೀದಿಯ ಈ ತುದಿಯಿಂದ ಆ ತುದಿಗೆ ಅವನು ಓಡಿದ್ದನ್ನು ನಾನು ಕಣ್ಣಾರೆ ಕಂಡೆ. ಮೊದಲ ಮನೆಯಲ್ಲಿ "ಮುಂದಿನವಾರಕ್ಕೆ ಮನಸ್ಸು ಸರಿಯಿಲ್ಲ" ಎಂದ. ಮೂರನೇ ಮನೆಗೆ ಬರುವಾಗ ಅದು "ಅಂಗಡಿ ಮುಚ್ಚುತಾರಂತೆ" ಆಗಿತ್ತು. ಕೊನೆಯ ಮನೆಗೆ ಏನು ಹೇಳಿದನೋ, ಆ ಮನೆಯಾಕೆ ನನ್ನ ಹತ್ತಿರ ಬಂದು, "ಯಾವ ಆಸ್ಪತ್ರೆ?" ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಗಡಿಯಾರದಣ್ಣ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಹದಿನೇಳು ಜನ. ಆ ಅಂಗಡಿ ಅಷ್ಟು ಜನರನ್ನು ಒಟ್ಟಿಗೆ ಕಂಡದ್ದು ಆರಂಭದ ದಿನ ಮಾತ್ರ. ಅವತ್ತು ಸಿಹಿ ಹಂಚಿದ್ದರು. ನಾನೂ ಸೂಜಿ ಚುಚ್ಚಿಟ್ಟು ಓಡಿದೆ.

ಬೇಕರಿಯವನು ಎಲ್ಲರನ್ನೂ ದಾಟಿ ಒಳನುಗ್ಗಿ ಎರಡು ಬಿಸಿ ಬ್ರೆಡ್ಡು ಮೇಜಿನ ಮೇಲಿಟ್ಟ. "ತಿನ್ನಿ ಅಣ್ಣ. ಕಾಸು ಬೇಡ. ಜೀವನದಲ್ಲಿ ಎಲ್ಲ ಬರುತ್ತೆ, ಹೋಗುತ್ತೆ. ದುಡುಕಬೇಡಿ."

"ಬ್ರೆಡ್ಡಿಗೆ ಯಾಕಪ್ಪ ದುಡುಕಲಿ?" ಎಂದರು ಗಡಿಯಾರದಣ್ಣ.

"ಅಣ್ಣ, ನನ್ನ ವಾಚು," ಎಂದಳು ಕೊನೆಯ ಮನೆಯಾಕೆ. "ಇರಲಿ, ಆಗದಿದ್ರೂ ಪರವಾಗಿಲ್ಲ. ಹಾಗೇ ಕೊಟ್ಟುಬಿಡಿ."

"ಸಣ್ಣ ಕೆಲಸ ಇದೆಯಮ್ಮ. ಮುಂದಿನ ವಾರ..."

"ಮುಂದಿನ ವಾರ ನೀವು ಇರ್ತೀರಾ?" ಎಂದು ಹಿಂದಿನಿಂದ ಯಾರೋ ಅತ್ತರು.

ಹೆಡ್ ಕಾನ್‌ಸ್ಟೇಬಲ್ ಗಂಟಲು ಸರಿಮಾಡಿಕೊಂಡು ಮುಂದೆ ಬಂದರು. "ಎಲ್ಲ ಪಕ್ಕಕ್ಕೆ ಸರೀರಿ. ನೋಡಿ ಸ್ವಾಮಿ, ನಾನು ಡ್ಯೂಟಿ ಮೇಲೆ ಬಂದಿಲ್ಲ, ಸ್ನೇಹಿತ ಅಂತ ಬಂದಿದೀನಿ. ಮನೆಯಲ್ಲಿ ಏನಾದ್ರೂ ತೊಂದರೆ ಇದೆಯಾ? ಊಟ ಸೇರುತ್ತಾ? ನಿದ್ದೆ?"

"ನಿದ್ದೆ ಚೆನ್ನಾಗೇ ಬರುತ್ತೆ. ನೀವೆಲ್ಲ ಬಾಗಿಲು ಬಡಿಯೋ ತನಕ ಬರ್ತಾನೇ ಇತ್ತು."

"ಒಳ್ಳೇದು, ಒಳ್ಳೇದು," ಎಂದ ಹೆಡ್ ಕಾನ್‌ಸ್ಟೇಬಲ್ ದನಿ ಇಳಿಸಿ, "ಹಾಗೇ ಆ ಎರಡನೇ ಡಬ್ಬ ಸ್ವಲ್ಪ ತೆಗೀತೀರಾ?" ಎಂದರು.

ಡಬ್ಬಗಳು ಮೇಜಿಗೆ ಬಂದವು. ಒಂದೊಂದೇ ವಾಚು ಹೊರಗೆ ಬಂತು. ಎಲ್ಲಕ್ಕೂ ಚೀಟಿ ಕಟ್ಟಿತ್ತು, ಧೂಳು ಒರೆಸಿತ್ತು, ಒಂದರ ಗಾಜೂ ಒಡೆದಿರಲಿಲ್ಲ. ಒಂದೂ ನಡೆಯುತ್ತಿರಲಿಲ್ಲ. ಒಂದು ಮೂರು ಗಂಟೆ ತೋರಿಸುತ್ತಿತ್ತು, ಇನ್ನೊಂದು ಏಳೂಕಾಲು. ಹೆಡ್ ಕಾನ್‌ಸ್ಟೇಬಲ್ ತಮ್ಮದನ್ನು ಕಟ್ಟಿಕೊಂಡು ಅಲುಗಾಡಿಸಿ, ಕಿವಿಗಿಟ್ಟು, ಗಡಿಯಾರದಣ್ಣನ ಮುಖ ನೋಡಿದರು. ಗಡಿಯಾರದಣ್ಣ ಬ್ರೆಡ್ಡು ನೋಡಿದರು. ಆ ಹೊತ್ತಿನಲ್ಲಿ ಒಂದು ಮಾತು ಆಡಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಲವತ್ತು ವರ್ಷ "ನನ್ನದು ಹದ್ದಿನ ಕಣ್ಣು" ಎಂದು ಹೇಳಿಕೊಂಡು ಬಂದ ನಾಲಿಗೆ ಅದು.

"ಆಯಿತು, ನಿಮ್ಮ ಇಷ್ಟ," ಎಂದರು. "ತಗೊಂಡು ಹೋಗಿ."

ಜನ ಹೊರಗೆ ಬಂದರೂ ಹೋಗಲಿಲ್ಲ. ವಾಚುಗಳನ್ನು ಕೈಯಲ್ಲಿ ಹಿಡಿದು ಬೀದಿಯಲ್ಲೇ ಗುಂಪುಗುಂಪಾಗಿ ನಿಂತರು. ಮೂರು ಡಬ್ಬ ಖಾಲಿಯಾದ ಮೇಲೆ ಗಡಿಯಾರದಣ್ಣನಿಗೆ ಮಾಡಲು ಬೇರೆ ಕೆಲಸ ಇರಲಿಲ್ಲ. ನಾಲ್ಕು ಗಂಟೆಯ ತನಕ ಕಾಯಲೂ ಇಲ್ಲ. ಬೆಳಿಗ್ಗೆ ಹನ್ನೊಂದಕ್ಕೇ ಕುರ್ಚಿ ಎಳೆದು, ನಮಗೆಲ್ಲ ಬೆನ್ನು ಮಾಡಿ ಕೂತು, ರಿಮೋಟ್ ಹಿಡಿದರು. ಹದಿನೇಳು ಜನ ಕಿಟಕಿಗೆ ತಿರುಗಿದರು. ಪೋಸ್ಟ್‌ಮ್ಯಾನ್ ತುಟಿಯ ಮೇಲೆ ಬೆರಳಿಟ್ಟರು.

ಆವತ್ತು ನಾನು ಒಂದು ಹೊಲಿಗೆಯನ್ನೂ ಹಾಕಲಿಲ್ಲ, ಆದ್ದರಿಂದ ಎಷ್ಟು ಹೊತ್ತಾಯಿತು ಎಂದು ಹೇಳಲಾರೆ. ಬಿಸಿಲು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬಂದಿತ್ತು. ಆ ಸಾಲು ಮುಂದುವರಿಯಿತು:

"ಇನ್ನು ನನ್ನಿಂದ ಆಗುವುದಿಲ್ಲ ಎಂದು ಆಗಲೇ ಹೇಳಬೇಕಿತ್ತು. ನಿನ್ನ ಗಡಿಯಾರ ಬಿಚ್ಚಿದ ದಿನವೇ ಒಳಗಿನದು ಕಾಣಲಿಲ್ಲ. ಕಣ್ಣು ಮಂಜು. ಯಾರಿಗೂ ಹೇಳಿಲ್ಲ."

ಯಾರಿಗೂ ಹೇಳಿಲ್ಲ ಎನ್ನುವುದನ್ನು ಹದಿನೇಳು ಜನ ಒಟ್ಟಿಗೆ ಓದುತ್ತಿದ್ದೆವು. ಪೆನ್ನು ಯಾಕೆ ಹಿಡಿಯಲಿಲ್ಲ ಎಂದು ನನಗೆ ಈಗ ತಿಳಿಯಿತು. ಪೆನ್ನಿನ ಸಾಲು ಮೇಲೇರಿ ಕೆಳಗಿಳಿದು ಎಲ್ಲ ಹೇಳಿಬಿಡುತ್ತದೆ. ಟಿವಿಯ ಅಕ್ಷರ ನೆಟ್ಟಗಿರುತ್ತದೆ, ಮುಷ್ಟಿಯಷ್ಟಿರುತ್ತದೆ, ಮಂಜು ಕಣ್ಣಿಗೂ ಸಿಗುತ್ತದೆ. ಬೇರೆ ಯಂತ್ರಗಳೆಲ್ಲ ಮನುಷ್ಯನನ್ನು ನೋಡಿ, ನಿನಗೆ ಇದು ಗೊತ್ತಾ, ಅದು ಗೊತ್ತಾ ಎಂದು ಪರೀಕ್ಷೆ ಮಾಡುತ್ತವೆ. ಈ ಸೋಪಿನಷ್ಟು ಪೆಟ್ಟಿಗೆ ಏನೂ ಕೇಳಲಿಲ್ಲ. ಮೇಲೆ, ಕೆಳಗೆ, ಎಡ, ಬಲ ಎಂದು ಸುಮ್ಮನೆ ಕಾಯಿತು. ಕಾಯುವವರ ಮುಂದೆಯೇ ತಾನೇ ನಾವು ನಿಜ ಹೇಳುವುದು. ನನ್ನ ಹೊಲಿಗೆ ಮೆಷಿನ್ನೂ ಅಂಥದೇ, ಒಂದು ಸೂಜಿ, ಒಂದು ದಾರ. ಅದಕ್ಕೇ ಅದರ ಮುಂದೆ ನಾನು ಎಷ್ಟೋ ಸಲ ಒಬ್ಬಳೇ ಮಾತಾಡಿದ್ದುಂಟು.

ಕೊನೆಯದಾಗಿ "ಕ್ಷಮಿಸು" ಬಂತು. ಆ ಹಲಗೆ ಮಾಡಿದವನು ಬದುಕು ಕಂಡವನೇ ಇರಬೇಕು. ಕ ಒಂದು ಮೂಲೆ, ಷ ಇನ್ನೊಂದು ಮೂಲೆ, ಮ ನಡುವೆ, ಸ ಮತ್ತೆ ಮೂಲೆ. ಅಕ್ಕನನ್ನು ಕರೆಯುವುದು ಎರಡು ಹೆಜ್ಜೆ. ಕ್ಷಮೆ ಕೇಳಬೇಕಾದರೆ ಇಡೀ ಹಲಗೆ ಸುತ್ತಬೇಕು. ಎರಡು ಸಲ ದಾರಿ ತಪ್ಪಿ, ಮೂರನೇ ಸಲಕ್ಕೆ ಮುಟ್ಟಿದರು. ಅಕ್ಕನ ಮುಖದ ಮೇಲೆ ಸರಿ ಎಂದು ಒತ್ತಿದರು. ಕಾಗದ ಹೋಯಿತು. ಪೋಸ್ಟ್‌ಮ್ಯಾನ್ ತಮಗೆ ಗೊತ್ತಿಲ್ಲದೆ ಕೈಯೆತ್ತಿ ನಮಸ್ಕಾರ ಮಾಡಿದರು.

ಆಮೇಲೆ ನಡೆದದ್ದು ಗಡಿಯಾರದಣ್ಣನಿಗೆ ತಲೆಬುಡ ಅರ್ಥವಾಗಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಮೊದಲು ಒಳಗೆ ಹೋದರು. ವಾಚು ಬಿಚ್ಚಿ ಮೇಜಿನ ಮೇಲಿಟ್ಟರು.

"ಇದು ಇಲ್ಲೇ ಇರಲಿ ಸ್ವಾಮಿ."

"ಬೆಳಿಗ್ಗೆ ತಾನೇ ತಗೊಂಡು ಹೋದ್ರಿ?"

"ಕೈಗೆ ಭಾರ ಆಗುತ್ತೆ. ಅಭ್ಯಾಸ ತಪ್ಪಿದೆ. ಅವಸರ ಏನಿಲ್ಲ."

ಕೊನೆಯ ಮನೆಯಾಕೆ ತನ್ನದನ್ನು ಇಟ್ಟಳು. ಬೇಕರಿಯವನ ವಾಚು ಆ ಅಂಗಡಿಯಲ್ಲಿ ಇರಲೇ ಇಲ್ಲ. ಅವನು ಕೈಯಲ್ಲಿದ್ದ, ಚೆನ್ನಾಗಿ ನಡೆಯುತ್ತಿದ್ದ ವಾಚನ್ನೇ ಬಿಚ್ಚಿ ಡಬ್ಬಕ್ಕೆ ಹಾಕಿ, "ಇದೂ ಇರಲಿ ಅಣ್ಣ, ಸ್ವಲ್ಪ ಜಾಸ್ತಿ ಓಡುತ್ತೆ" ಎಂದ. ಸಂಜೆಗೆ ಮೂರು ಡಬ್ಬವೂ ತುಂಬಿದವು. "ಈ ಬೀದಿಯವರಿಗೆ ತಲೆ ಕೆಟ್ಟಿದೆ ಕಣೆ" ಎಂದು ಗಡಿಯಾರದಣ್ಣ ಹೆಂಡತಿಗೆ ಹೇಳುತ್ತಿದ್ದದ್ದು ನನ್ನ ಕಿಟಕಿಗೂ ಕೇಳಿಸಿತು.

ಉತ್ತರ ಬರಲಿಲ್ಲ. ಒಂದು ದಿನ, ಎರಡು ದಿನ. ಬೀದಿ ನಾಲ್ಕಕ್ಕೆ ಸೇರುತ್ತಿತ್ತು, ಆರಕ್ಕೆ ಚದುರುತ್ತಿತ್ತು. ಗಡಿಯಾರದಣ್ಣ ಬರಿದಾದ ಹಲಗೆ ನೋಡುತ್ತ ಕೂತಿರುತ್ತಿದ್ದರು. "ಅಕ್ಕ ಓದಿಲ್ಲ" ಎಂದ ಬೇಕರಿಯವನು. "ಓದಿದಾರೆ," ಎಂದರು ಪೋಸ್ಟ್‌ಮ್ಯಾನ್, "ಅವರದೂ ಅದೇ ಆರು ಗುಂಡಿ ಅನ್ನೋದು ಮರೀಬೇಡ." ಬುಧವಾರ ಕಳೆಯಿತು. ಶನಿವಾರ ಹತ್ತಿರ ಬಂದಿತ್ತು.

ಗುರುವಾರ ನಾಲ್ಕೂವರೆಗೆ ಟಿವಿ ಒಂದು ಸಲ ಟಿಣ್ ಅಂದಿತು. ಮುಖದ ಕೆಳಗೆ ಸಾಲು ಬಿಚ್ಚಿಕೊಂಡಿತು:

"ಪೆದ್ದ. ಅದು ನಮ್ಮ ಮನೆಯಲ್ಲೂ ನಡೆಯುತ್ತಿರಲಿಲ್ಲ. ಗಡಿಯಾರ ಯಾರಿಗೆ ಬೇಕಿತ್ತು? ಅದನ್ನು ಕೊಡುವ ನೆವಕ್ಕೆ ಬಂದುಹೋಗುತ್ತೀಯ ಅಂತ ಕೊಟ್ಟೆ. ಯಾವಾಗ ಬರುತ್ತೀ?"

ಇಷ್ಟಕ್ಕೆ ಎಷ್ಟು ದಿನ ಹಿಡಿದಿರಬೇಕು ಎಂದು ಲೆಕ್ಕ ಹಾಕುವವರ ಹಾಗೆ ಪೋಸ್ಟ್‌ಮ್ಯಾನ್ ಬೆರಳು ಮಡಿಸುತ್ತಿದ್ದರು, ಮಧ್ಯದಲ್ಲಿ ಬಿಟ್ಟುಬಿಟ್ಟರು. ಗಡಿಯಾರದಣ್ಣ ಎದ್ದು ಟಿವಿಯ ಹತ್ತಿರ ಹೋಗಿ, ಆ ಮೊದಲ ಪದದ ಮೇಲೆ ಅಂಗೈಯಿಟ್ಟು ನಿಂತರು. ಆಮೇಲೆ ವಾಪಸು ಬಂದು ಕೂತು ರಿಮೋಟ್ ಎತ್ತಿಕೊಂಡರು.

ಹಳದಿ ಚೌಕ ಹೊರಟಿತು.

"ಮ."

"ಮ ಯಾಕೆ?" ಎಂದ ಬೇಕರಿಯವನು.

"ಮು."

"ಬೇಡ," ಎಂದರು ಹೆಡ್ ಕಾನ್‌ಸ್ಟೇಬಲ್. "ಬೇಡ ಬೇಡ ಬೇಡ."

ಕೈಗೆ ಅಭ್ಯಾಸವಾದ ಮಾತು ಅದು. ನಲವತ್ತು ವರ್ಷ ಯಾರು ಯಾವಾಗ ಎಂದು ಕೇಳಿದರೂ ಹೇಳಿದ್ದು ಒಂದೇ. ಅವರ ತಪ್ಪೂ ಅಲ್ಲ. ಗಡಿಯಾರದ ಮುಳ್ಳು ತಿರುಗಿದ ದಾರಿಯಲ್ಲೇ ತಿರುಗುತ್ತದೆ.

"ಮುಂ."

ಮೂವತ್ತೆಂಟು ವರ್ಷ ಯಾರ ಕಾಗದಕ್ಕೂ ಬಾಯಿ ಹಾಕದ ಪೋಸ್ಟ್‌ಮ್ಯಾನ್ ಓಡಿಹೋಗಿ ಕೊಡೆಯ ಹಿಡಿಯಿಂದ ಗಾಜಿಗೆ ಬಡಿದರು. "ಶನಿವಾರ ಹೊರಟುಹೋಗ್ತಾರಲ್ಲಪ್ಪ! ಮುಂದಿನ ವಾರ ಅಲ್ಲಿ ಯಾರಿರ್ತಾರೆ?"

ಗಡಿಯಾರದಣ್ಣ ತಿರುಗಿದರು. ಕಣ್ಣು ಕಿರಿದು ಮಾಡಿ ನೋಡಿದರು. ಅಷ್ಟು ದೂರಕ್ಕೆ ನಾವೆಲ್ಲ ಅವರಿಗೆ ಮಂಜಿನ ಹಾಗೆ ಕಂಡಿರಬೇಕು, ಬಹಳ ಜನರಿರುವ ಮಂಜು.

"ಯಾರದು?"

"ನಾವೇ," ಎಂದರು ಹೆಡ್ ಕಾನ್‌ಸ್ಟೇಬಲ್.

"ನಾವೇ ಅಂದ್ರೆ?"

"ಬೀದಿ."

ಅವರು ಟಿವಿಯ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು, ಮತ್ತೆ ಟಿವಿಯ ಕಡೆ. ನಿಧಾನಕ್ಕೆ ಕಿವಿ ಕೆಂಪಾಗುತ್ತ ಬಂತು. "ಎಷ್ಟು ದಿನದಿಂದ?"

ಅಡುಗೆಮನೆಯ ಬಾಗಿಲಿಂದ ಅತ್ತಿಗೆಯ ದನಿ ಬಂತು. "ಪೂಜ್ಯದಿಂದ."

"ಮತ್ತೆ ಪರದೆ? ಈ ಕಿಟಕಿಗೆ ಪರದೆ ಇತ್ತಲ್ಲ?"

ಎಲ್ಲರೂ ನನ್ನ ಕಡೆ ನೋಡಿದರು. ಪರದೆಯ ಅಂಚು ಮೊದಲ ದಿನ ಬೆಳಿಗ್ಗೆಯೇ ಹೊಲಿದು, ಇಸ್ತ್ರಿ ಮಾಡಿ, ಮಡಿಸಿ ಇಟ್ಟಾಗಿತ್ತು. ನಾನು ತಲೆ ತಗ್ಗಿಸಿ, "ಸಣ್ಣ ಕೆಲಸ ಇದೆ ಅಣ್ಣ. ಮುಂದಿನ ವಾರ ಕೊಡ್ತೀನಿ" ಎಂದೆ.

ಬೈಯುತ್ತಾರೆ ಅಂದುಕೊಂಡೆ. ಅವರ ಭುಜ ಅಲುಗಾಡಿತು. ನಗುತ್ತಿದ್ದರೋ ಇನ್ನೊಂದೋ, ಗಾಜಿನ ಆಚೆಯಿಂದ ಸರಿಯಾಗಿ ಗೊತ್ತಾಗಲಿಲ್ಲ. ಮತ್ತೆ ನಮಗೆ ಬೆನ್ನು ಮಾಡಿ ಕೂತರು. ಇದ್ದ ಬೀದಿಯೆಲ್ಲ ಬೆನ್ನಿಗಿದೆ ಎಂದು ಗೊತ್ತಿದ್ದೇ ಕೂತರು. ಮುಂ ಹೋಯಿತು, ಮು ಹೋಯಿತು, ಮ ಹೋಯಿತು. ಹಳದಿ ಚೌಕ ಒಂದೆರಡು ಹೆಜ್ಜೆ ಹೋಗಿ ನಿಂತಿತು.

"ನಾ."

ಅಲ್ಲಿಂದ ಳ ಬಹಳ ದೂರ, ಹಲಗೆಯ ಕಟ್ಟಕಡೆಯ ಮನೆ. ಕೆಳಗೆ, ಕೆಳಗೆ, ಬಲಕ್ಕೆ, ಇನ್ನೂ ಬಲಕ್ಕೆ. ಒಂದು ಮನೆ ಮೊದಲೇ ಒತ್ತಿಬಿಟ್ಟರು. "ನಾಹ" ಎಂದಾಯಿತು. "ಇನ್ನೊಂದು ಬಲಕ್ಕೆ ಅಣ್ಣ!" ಎಂದು ಬೀದಿಯೇ ಕೂಗಿತು. "ಕಾಣುತ್ತೆ, ಕಾಣುತ್ತೆ," ಎಂದು ಗದರಿ, ಅಳಿಸಿ, ಮತ್ತೆ ಹೊರಟು, ಕೊನೆಗೂ ಮುಟ್ಟಿದರು.

"ನಾಳೆ."

ಮರುದಿನ ಬೆಳಿಗ್ಗೆ ಆರೂವರೆಗೆ ನಾನು ಬಾಗಿಲು ಗುಡಿಸುತ್ತಿದ್ದಾಗ ಅವರಿಬ್ಬರೂ ಹೊರಟರು. ಅಣ್ಣ ಗೋಡೆ ಗಡಿಯಾರ ಎದೆಗೆ ಅವುಚಿಕೊಂಡಿದ್ದರು, ಅದನ್ನು ನಾನೇ ಹೊಲಿದ ಪರದೆಯಲ್ಲಿ ಸುತ್ತಿತ್ತು. ಅತ್ತಿಗೆ ಹಿಂದಿನ ಸಂಜೆಯೇ ಬಂದು ಒಯ್ದಿದ್ದರು. ರಾತ್ರಿ ಅಕ್ಕನೇ ಫೋನ್ ಮಾಡಿದ್ದರಂತೆ, ಬರುವಾಗ ಕಣ್ಣಿನ ಡಾಕ್ಟರನ್ನೂ ಕಂಡು ಬರುವುದೆಂದು ಅಕ್ಕನ ಹೊಸ ಕಾನೂನು ಆಗಿದೆಯಂತೆ.

ಏಳು ಗಂಟೆಗೆ ಹೆಡ್ ಕಾನ್‌ಸ್ಟೇಬಲ್ ಬೀಟ್ ಮೇಲೆ ಬಂದರು. ಮುಚ್ಚಿದ ಅಂಗಡಿಯ ಗಾಜಿಗೆ ಒಂದು ರಟ್ಟು ಅಂಟಿಸಿತ್ತು. ಮೇಲೇರಿ ಕೆಳಗಿಳಿಯುವ ಸಾಲಿನಲ್ಲಿ, ಮುಷ್ಟಿಯಷ್ಟು ದಪ್ಪ ಅಕ್ಷರದಲ್ಲಿ ಪೆನ್ನಿನಲ್ಲೇ ಬರೆದಿತ್ತು: ಮುಂದಿನ ವಾರ ಬನ್ನಿ.

ಅವರು ಎರಡು ಸಲ ಓದಿದರು. ಬರಿ ಮಣಿಕಟ್ಟು ನೋಡಿಕೊಂಡರು.

"ಬರೋಣ," ಎಂದು ನನ್ನ ಕಡೆ ತಲೆಯಾಡಿಸಿ ಮುಂದೆ ನಡೆದರು. ಮುಂದಿನ ವಾರ ಎಂಬ ಆ ಮಾತನ್ನು ನಮ್ಮ ಬೀದಿ ನಂಬಿದ್ದು ಅದೇ ಮೊದಲು.